ಮಂತ್ರಕ್ಕೆ ಮನಾ ಮೀಟರ್ ಬೇಕೇ?

ಊರು ಕಟ್ಟುವ ಸಿಮ್ಯುಲೇಶನ್ ಆಟದಲ್ಲಿ ಮಂತ್ರಕ್ಕೆ ಮನಾ ಮೀಟರ್ (ಮಂತ್ರ ಹಾಕಿದಷ್ಟೂ ಖಾಲಿಯಾಗಿ, ಮತ್ತೆ ನಿಧಾನ ತುಂಬಿಕೊಳ್ಳುವ ಶಕ್ತಿಯ ಅಳತೆ) ಇಡಲೇ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಖಂಡಿತ ಬೇಡ. 2006ರಲ್ಲಿ ಬಂದ, ಕುಳ್ಳರ ಕೋಟೆ ಕಟ್ಟುವ ಕಂಪ್ಯೂಟರ್ ಆಟ 'ಡ್ವಾರ್ಫ್ ಫೋರ್ಟ್ರೆಸ್' ಒಮ್ಮೆ ನೋಡಿ. ಅಲ್ಲಿ ಸಾವಿಗೆ ಹೆದರಿದವನೊಬ್ಬ ದೇವರಿಂದ ಜೀವ-ಮರಣದ ಗುಟ್ಟು ಕೆತ್ತಿದ ಕಲ್ಲು ಪಡೆಯುತ್ತಾನೆ. ಆಮೇಲೆ ಅವನಿಗೆ ಮುಪ್ಪಿಲ್ಲ, ಹಸಿವಿಲ್ಲ, ಹೆಣಗಳನ್ನು ಎಬ್ಬಿಸುತ್ತಾನೆ. ಆ ಗುಟ್ಟನ್ನು ಅವನು ಪುಸ್ತಕದಲ್ಲಿ ಬರೆದಿಟ್ಟರೆ ಓದಿದವರಿಗೂ ಅದು ದಾಟುತ್ತದೆ. ಹಾಗಾಗಿ ಕೋಟೆಯ ಗ್ರಂಥಾಲಯಕ್ಕೆ ಬರುವ ಒಂದು ಪುಸ್ತಕವೂ ಅಪಾಯವೇ. ಹೆಣಗಳು ಎದ್ದು ನಿಮ್ಮ ಮೇಲೇ ಬೀಳಬಹುದಾದ್ದರಿಂದ, ಸತ್ತವರನ್ನು ಎಲ್ಲಿಡುತ್ತೀರಿ ಅನ್ನೋದೂ ಯುದ್ಧದ ಲೆಕ್ಕಕ್ಕೆ ಬರುತ್ತದೆ. ಎಂಥ ಸೊಗಸಾದ ಹೆಣಿಗೆ! ಮೀಟರ್ ಇಟ್ಟರೆ ಉಳಿಯೋದು ಅದು ತುಂಬೋವರೆಗೆ ಕಾಯುವ ಕೆಲಸವಷ್ಟೇ. ಮಂತ್ರ ಯಾರಿಂದ ಯಾರಿಗೆ, ಹೇಗೆ ಹೋಗುತ್ತದೆ ಅನ್ನೋದನ್ನು ಮೊದಲು ಬರೆಯಿರಿ. ಅದರಿಂದ ಎದುರಾಳಿಗೆ ಡ್ಯಾಮೇಜ್ ಎಷ್ಟು ಅನ್ನೋದನ್ನು ಆಮೇಲೆ ನೋಡಿಕೊಳ್ಳಬಹುದು.