ಅವಳನ್ನು ಹೊರಗೆ ಕಳಿಸುವುದು ಯಾಕೆ?

ಓದುಗರೊಬ್ಬರ ಪತ್ರ: ನನ್ನ ಗೆಳತಿ ಕಥೋಲಿಕಳಾಗಲು ಸಿದ್ಧಳಾಗುತ್ತಿದ್ದಾಳೆ. ಭಾನುವಾರದ ಬಲಿಪೂಜೆಯಲ್ಲಿ ಗುರುಗಳ ಪ್ರಬೋಧನೆ ಮುಗಿದ ಕೂಡಲೇ ಅವಳನ್ನು ಹೊರಗೆ ಕಳಿಸುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ನನಗೆ ಮಗುವಾಗಿದ್ದಾಗಲೇ, ಕ್ರೈಸ್ತಳಾಗುವ ಸಂಸ್ಕಾರವಾದ ಜ್ಞಾನಸ್ನಾನವಾಯಿತು, ಅವಳನ್ನು ಯಾಕೆ ಇಷ್ಟು ಕಾಯಿಸುತ್ತಾರೆ? ಪರೀಕ್ಷೆ ಇರುತ್ತಾ? ನನ್ನನ್ನೇ, ಈ ದಾರಿಯಲ್ಲಿ ಜೊತೆ ನಿಲ್ಲುವ ಜ್ಞಾನತಾಯಿ ಆಗು ಅಂತಿದ್ದಾಳೆ. ನಾನೇನು ಮಾಡಬೇಕು?

ಪ್ರಿಯ ಸೋದರಿ,

ಎಲ್ಲರೆದುರು ಎದ್ದು ಹೋಗುವವರನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಅವರು ಹೋಗುವುದು ಎಲ್ಲಿಗೆ? ವಿಶ್ವಾಸ ಕಲಿಸುವ ಉಪದೇಶಿಯ ಜೊತೆ ಇನ್ನೊಂದು ಕೋಣೆಗೆ. ಆಗತಾನೇ ಕೇಳಿದ ಶುಭಸಂದೇಶವನ್ನೇ (ಯೇಸುವಿನ ಬದುಕು ಹೇಳುವ ಬೈಬಲ್ ಭಾಗ) ಮತ್ತೆ ಓದಿ, ಅದರ ಬಗ್ಗೆ ಮಾತಾಡುತ್ತಾರೆ. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಅಂದರೆ ಪರಮಪ್ರಸಾದ, ಅವರಿಗೆ ಇನ್ನೂ ಸಿಗುವುದಿಲ್ಲ. ದೇವರ ವಾಕ್ಯವನ್ನಾದರೂ ಹೊಟ್ಟೆ ತುಂಬ ಉಣ್ಣಲಿ ಅಂತ ಈ ಏರ್ಪಾಡು. ನಿಮ್ಮ ಗೆಳತಿ ಹೊರಗಿನವಳಲ್ಲ. ಈ ಹಂತದಲ್ಲಿರುವವರು ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡರೂ ಧರ್ಮಸಭೆ (ಚರ್ಚ್) ಅವರನ್ನು ತನ್ನವರೆಂದೇ ಮಣ್ಣು ಮಾಡುತ್ತದೆ.

ಕಾಯುವುದು ಬಹಳ ಹಳೆಯ ಪದ್ಧತಿ. ಮೊದಲ ಶತಮಾನಗಳಲ್ಲಿ ಮೂರು ವರ್ಷ ಕಾದವರೂ ಇದ್ದರು. ಎಳೆಮಕ್ಕಳ ಜ್ಞಾನಸ್ನಾನವೇ ರೂಢಿಯಾದ ಮೇಲೆ ಈ ದಾರಿ ಮರೆತುಹೋಗಿತ್ತು. ಅದನ್ನು ಮತ್ತೆ ತರಬೇಕೆಂದು ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. 1972ರಲ್ಲಿ ಹೊಸ ವಿಧಿ ಬಂತು.

ಪರೀಕ್ಷೆ ಇಲ್ಲ. ಯಾರೂ ಅಂಕ ಕೊಡುವುದಿಲ್ಲ. ಅವಳು ಪ್ರಾರ್ಥಿಸಲು ಕಲಿಯಬೇಕು, ಅನುಮಾನಗಳನ್ನು ಬಾಯಿಬಿಟ್ಟು ಕೇಳಬೇಕು. ಬೇಡವೆನಿಸಿದರೆ ವಾಪಸ್ ಹೋಗಲೂಬಹುದು. ಆತುರ ಮಾಡಿಸಿದರೆ ಈ ಸ್ವಾತಂತ್ರ್ಯವೇ ಹೋಗುತ್ತದೆ ಅಲ್ವಾ? ಹೀಗಾಗಿ ಕಾಯಿಸುವುದೇ ಸರಿ ಅಂತ ನನಗೆ ಅನಿಸುತ್ತದೆ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾದಾಗ ಧರ್ಮಾಧ್ಯಕ್ಷರು (ಬಿಷಪ್) ಅವರನ್ನು ಕರೆಯುತ್ತಾರೆ, ಹೆಸರನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಮೂರು, ನಾಲ್ಕು, ಐದನೇ ಭಾನುವಾರಗಳಲ್ಲಿ ಬಾವಿಯ ಬಳಿಯ ಸಮಾರಿಯದ ಹೆಂಗಸು, ಕಣ್ಣು ಪಡೆದ ಹುಟ್ಟುಕುರುಡ, ಸತ್ತು ಬದುಕಿ ಬಂದ ಲಾಜರ, ಈ ಮೂರು ಶುಭಸಂದೇಶಗಳು. ಅವತ್ತಿನ ವಿಧಿಗೆ ಪರಿಶೋಧನೆ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಅವಳು ತಲೆ ಬಾಗಿಸುತ್ತಾಳೆ, ಎಲ್ಲರೂ ಅವಳಿಗಾಗಿ ಪ್ರಾರ್ಥಿಸುತ್ತಾರೆ. ಪಾಸ್ಖ ಜಾಗರಣೆಯ, ಅಂದರೆ ಈಸ್ಟರ್ ಹಿಂದಿನ ಒಂದೇ ರಾತ್ರಿಯಲ್ಲಿ ಜ್ಞಾನಸ್ನಾನ, ವಿಶ್ವಾಸವನ್ನು ಗಟ್ಟಿ ಮಾಡುವ ದೃಢೀಕರಣ, ಪರಮಪ್ರಸಾದ ಮೂರೂ ಸಿಗುತ್ತವೆ. ಆಮೇಲಿನ 50 ದಿನ, ಸಿಕ್ಕಿದ್ದನ್ನು ಮೆಲುಕು ಹಾಕಲು.

ಇನ್ನು ನಿಮ್ಮ ಪಾತ್ರ. ನಿಮಗೆ 16 ತುಂಬಿ, ದೃಢೀಕರಣವಾಗಿ, ಪರಮಪ್ರಸಾದ ಸ್ವೀಕರಿಸುತ್ತಾ ವಿಶ್ವಾಸಕ್ಕೆ ತಕ್ಕಂತೆ ಬಾಳುತ್ತಿದ್ದರೆ ಖಂಡಿತ ಒಪ್ಪಿಕೊಳ್ಳಿ. ಜಾಸ್ತಿ ಓದಿರಬೇಕಾಗಿಲ್ಲ, ಜೊತೆಗಿದ್ದರೆ ಸಾಕು. ಒಮ್ಮೆ ನಾನೂ ಹೀಗೆ ಒಬ್ಬರ ಜೊತೆ ನಿಂತಿದ್ದೆ. ಅವರನ್ನು ಬರಮಾಡಿಕೊಳ್ಳುವ ವಿಧಿಯಲ್ಲಿ ಗುರುಗಳು ಮೊದಲು ಕೇಳಿದ್ದು, 'ಧರ್ಮಸಭೆಯಿಂದ ನಿಮಗೆ ಏನು ಬೇಕು?' ಅವರು 'ವಿಶ್ವಾಸ' ಅಂದರು. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಿವಿ, ಕಣ್ಣು, ತುಟಿ, ಎದೆ, ಭುಜ, ಕೈ, ಒಂದೊಂದರ ಮೇಲೂ ನಾನು ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿದೆ. ಕೊನೆಗೆ ಪಾದಗಳು. ನೆಲಕ್ಕೆ ಮಂಡಿಯೂರಿದೆ. ಚಪ್ಪಲಿ ಬಿಟ್ಟ ಆ ಪಾದ ನನ್ನ ಬೆರಳ ಕೆಳಗೆ ನಡುಗುತ್ತಿತ್ತು.

ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಆ ಕೋಣೆಯ ಬಾಗಿಲ ಬಳಿ ನಿಂತಿರಿ. ಅವಳು ಹೊರಬಂದಾಗ, ಇವತ್ತು ಏನು ಮಾತಾಡಿದಿರಿ ಅಂತ ಕೇಳಿ.