ಹೊಸ ಪಂಪ್ ತರಿಸುವ ಮೊದಲು ಆ ನೊರೆ ಎಲ್ಲಿಂದ ಬಂತು ನೋಡಿ

ನಿಮ್ಮ ಕಾರು 1960ರ ದಶಕದ್ದು. ಪವರ್ ಸ್ಟೀರಿಂಗ್ ಪಂಪ್ ಸೋರುತ್ತಿತ್ತು ಅಂತ ಮನೆಯಲ್ಲೇ ಬಿಚ್ಚಿ ಸೀಲ್ ಹಾಕಿದ್ದೀರಿ, ಹೋಸ್‌ಗಳನ್ನೂ ಬದಲಿಸಿದ್ದೀರಿ. ಈಗ ಸೋರಿಕೆ ನಿಂತಿದೆ. ಆದರೆ ಪಂಪ್ ಗುಂಯ್ ಅನ್ನುತ್ತಿದೆ, ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ. ಮುಚ್ಚಳ ತೆಗೆದರೆ ಆಯಿಲ್ ಮೇಲೆ ನೊರೆ. ಪಂಪೇ ಹೋಗಿದೆಯಾ, ಹೊಸದು ತರಿಸಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಈಗಲೇ ಬೇಡ. ನಾನೂ ಒಂದು ಹಳೇ ಕಾರು ಇಟ್ಟುಕೊಂಡು ಭಾನುವಾರಗಳನ್ನು ಕಳೆದವನು. ರಿಪೇರಿ ಆದ ಮರುದಿನ ಶುರುವಾದ ತೊಂದರೆಯನ್ನು ಮೊದಲು ನಮ್ಮ ಕೈ ಬಿದ್ದ ಜಾಗದಲ್ಲೇ ಹುಡುಕಬೇಕು. ಅದೃಷ್ಟಕ್ಕೆ ಹುಡುಕಬೇಕಾದ ಜಾಗಗಳು ಜಾಸ್ತಿ ಇಲ್ಲ. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಪವರ್ ಸ್ಟೀರಿಂಗ್ ಜೊತೆ ಮಾರಾಟಕ್ಕೆ ಬಂದಾಗಲೂ ಕಥೆ ಇಷ್ಟೇ ಇತ್ತು: ಆಯಿಲ್ ತುಂಬಿದ ಡಬ್ಬಿ, ಎಂಜಿನ್ ಬಲದಿಂದ ತಿರುಗುವ ಪಂಪ್, ಒತ್ತಡದ ಹೋಸ್, ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ಬಾಕ್ಸಿನೊಳಗೆ ಒಂದು ವಾಲ್ವ್, ವಾಪಸ್ ಬರುವ ಹೋಸ್. ನಿಮ್ಮ ಕಾರಿನಲ್ಲೂ ಹೆಚ್ಚುಕಡಿಮೆ ಅದೇ ಇರುತ್ತದೆ.

ನೊರೆ ಅಂದರೆ ಆಯಿಲ್‌ನಲ್ಲಿ ಗಾಳಿ ಸೇರಿದೆ ಅಂತ. ಆಯಿಲನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪ್ ಕೊಟ್ಟ ಬಲವನ್ನು ಆ ಗುಳ್ಳೆಗಳೇ ನುಂಗಿಬಿಡುತ್ತವೆ. ನಿಮ್ಮ ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ ಆಗುವುದು ಅದಕ್ಕೇ. ಗುಂಯ್ ಸದ್ದಿಗೂ ಅದೇ ಕಾರಣ.

ಹೋಸ್ ಬಿಚ್ಚಿದ ಮೇಲೆ ಗಾಳಿ ಒಳಗೆ ಹೋಗಿಯೇ ಹೋಗಿರುತ್ತದೆ. ಅದನ್ನು ಹೊರಗೆ ಹಾಕಿದ ರೀತಿ ಸರಿಯಿತ್ತಾ ಅನ್ನುವುದೇ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರು ಆಯಿಲ್ ತುಂಬಿ, ಎಂಜಿನ್ ಸ್ಟಾರ್ಟ್ ಮಾಡಿ, ಸ್ಟೀರಿಂಗ್ ಅತ್ತಿತ್ತ ತಿರುಗಿಸುತ್ತೇವೆ. ತಪ್ಪು ಅಲ್ಲೇ ಆಗುವುದು. ಓಡುತ್ತಿರುವ ಪಂಪ್ ಗಾಳಿಯನ್ನು ಮೊಸರು ಕಡೆದ ಹಾಗೆ ಕಡೆದು ಸಣ್ಣ ಸಣ್ಣ ಗುಳ್ಳೆ ಮಾಡಿಬಿಡುತ್ತದೆ. ಆಮೇಲೆ ಅವು ಬೇಗ ಮೇಲೆ ಬರುವುದಿಲ್ಲ.

ಹಾಗಾಗಿ ಮೊದಲಿಂದ ಶುರು ಮಾಡಿ. ನೊರೆ ಇಳಿಯುವ ತನಕ ಕಾರನ್ನು ಸುಮ್ನೆ ಬಿಡಿ, ಒಂದು ರಾತ್ರಿಯಾದರೂ ಸರಿ. ಮುಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಬೇಡಿ. ಎಂಜಿನ್ ಆಫ್ ಇರಲಿ. ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ, ಹೀಗೆ ಹದಿನೈದು ಇಪ್ಪತ್ತು ಸಲ ತಿರುಗಿಸಿ. ಡಬ್ಬಿಯ ಹತ್ತಿರ ಇನ್ನೊಬ್ಬರು ನಿಂತು ಆಯಿಲ್ ಇಳಿದ ಹಾಗೆ ತುಂಬುತ್ತಿರಲಿ. ಗುಳ್ಳೆ ಬರುವುದು ನಿಂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಮತ್ತೆ ನಾಲ್ಕೈದು ಸಲ ತಿರುಗಿಸಿ. ಕೊನೆಗೆ ಹೋಗಿ ತಾಗಿದಾಗ ಅಲ್ಲೇ ಒತ್ತಿ ಹಿಡಿಯಬೇಡಿ. ಒತ್ತಡ ತುದಿಗೇರಿ ಆಯಿಲ್ ಬೇಗ ಕಾಯುತ್ತದೆ, ಪಂಪಿಗೂ ಒಳ್ಳೆಯದಲ್ಲ.

ಇಷ್ಟಕ್ಕೇ ಸರಿಹೋದರೆ ಸಂತೋಷ. ಎರಡು ದಿನ ಓಡಿಸಿದ ಮೇಲೆ ನೊರೆ ಮತ್ತೆ ಬಂದರೆ ಎಲ್ಲೋ ಹೊಸದಾಗಿ ಗಾಳಿ ಎಳೆಯುತ್ತಿದೆ. ಇಲ್ಲಿ ಎಲ್ಲರೂ ಒಂದು ವಿಷಯಕ್ಕೆ ಮೋಸ ಹೋಗುತ್ತಾರೆ. ಡಬ್ಬಿಯಿಂದ ಪಂಪಿಗೆ ಹೋಗುವ ಕಡೆ ಪಂಪ್ ಆಯಿಲನ್ನು ಹೀರುತ್ತಿರುತ್ತದೆ. ಅಲ್ಲಿ ಸಂದು ಇದ್ದರೆ ಎಂಜಿನ್ ಓಡುವಾಗ ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣದೇ ಇರಬಹುದು. "ಸೋರಿಕೆ ನಿಂತಿದೆ" ಅಂತ ನೀವು ಬರೆದಿದ್ದನ್ನು ನೋಡಿ ನನಗೆ ಮೊದಲು ಹೊಳೆದದ್ದೇ ಇದು. ಹೊಸ ಹೋಸಿಗೆ ಹಳೇ ಕ್ಲಾಂಪನ್ನೇ ಹಾಕಿದ್ದೀರಾ? ನಾನು ಹಾಕಿದ್ದೆ. ನೋಡುವುದಕ್ಕೆ ಬಿಗಿಯಾಗೇ ಇತ್ತು.

ಕಂಡುಹಿಡಿಯಲು ಒಂದು ಹಳೇ ಉಪಾಯ ಇದೆ. ಎಂಜಿನ್ ಆಫ್ ಇರುವಾಗ ಹೀರುವ ಕಡೆಯ ಒಂದು ಜೋಡಣೆಗೆ ದಪ್ಪಗೆ ಗ್ರೀಸ್ ಬಳಿಯಿರಿ, ಆಮೇಲೆ ಸ್ಟಾರ್ಟ್ ಮಾಡಿ ಸದ್ದು ಕೇಳಿ. ಬದಲಾಗದಿದ್ದರೆ ಮುಂದಿನ ಜೋಡಣೆಗೆ ಬಳಿಯಿರಿ. ಗುಂಯ್ ಅನ್ನುವುದು ಎಲ್ಲಿ ತಗ್ಗಿತೋ ಸಂದು ಅಲ್ಲಿದೆ. ಡಬ್ಬಿ ಪಂಪಿಗೇ ಅಂಟಿಕೊಂಡಿರುವ ಮಾದರಿಯಾದರೆ ಹೀರುವ ಹೋಸೇ ಇರುವುದಿಲ್ಲ. ಆಗ ಡಬ್ಬಿಯ ಹಿಂದಿನ ಓ-ರಿಂಗ್ (ರಬ್ಬರ್ ಬಳೆ) ಮತ್ತು ನೀವು ಹಾಕಿದ ಶಾಫ್ಟ್ ಸೀಲ್ ಮೇಲೆ ಅನುಮಾನ ಪಡಿ. ಶಾಫ್ಟಿನ ಚೂಪು ಅಂಚು ತಾಗಿ ಸೀಲಿನ ತುಟಿ ಹರಿಯುವುದು ಮಾಮೂಲು.

ಒತ್ತಡದ ಹೋಸಿನ ಮಾತು ಬೇರೆ. ಸೋರುವ ಜಾಗವನ್ನು ಅಲ್ಲಿ ಯಾವತ್ತೂ ಬರಿಗೈಯಲ್ಲಿ ಸವರಿ ಹುಡುಕಬೇಡಿ. ಟಯರಿನಲ್ಲಿ ಸುಮಾರು 2 ಬಾರ್ ಒತ್ತಡ ಇದ್ದರೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಆ ಹೋಸಿನಲ್ಲಿ 70 ಬಾರ್ ದಾಟಬಹುದು. ಸೂಜಿಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೇ ಹೋಗುತ್ತದೆ. ಒಂದು ರಟ್ಟಿನ ತುಂಡು ಹಿಡಿದು ನೋಡಿ, ಒದ್ದೆಯಾಗುತ್ತದಾ ಅಂತ.

ಈಗ ನನ್ನ ದಡ್ಡತನದ ಕಥೆ. ನೊರೆ ಹೋಯಿತು, ಸದ್ದೂ ಹೋಯಿತು, ಸ್ಟೀರಿಂಗ್ ಮಾತ್ರ ಕಲ್ಲಿನ ಹಾಗೆ ಭಾರ. ಹೊಸ ಪಂಪ್ ತರಿಸಲು ಹೊರಟಿದ್ದೆ. ಕೊನೆಗೊಮ್ಮೆ ಇರಲಿ ಅಂತ ಪಂಪಿನಿಂದ ಆಯಿಲ್ ಹೊರಬರುವ ಯೂನಿಯನ್, ಅಂದರೆ ಹೋಸ್ ಜೋಡಿಸುವ ಲೋಹದ ತುಂಡು, ಬಿಚ್ಚಿದೆ. ಅದರ ಹಿಂದೆ ಸ್ಪ್ರಿಂಗ್ ಜೊತೆ ಒಂದು ಪುಟ್ಟ ವಾಲ್ವ್ ಇರುತ್ತದೆ. ಎಷ್ಟು ಆಯಿಲ್ ಮುಂದೆ ಹೋಗಬೇಕು ಅಂತ ತೀರ್ಮಾನಿಸುವುದು ಅದೇ. ಅದರ ಪಕ್ಕ ಬಿಳಿ ದಾರದ ತುಂಡೊಂದು ಸಿಕ್ಕಿಕೊಂಡಿತ್ತು. ಸೋರದಿರಲಿ ಅಂತ ನಾನೇ ಸುತ್ತಿದ್ದ ಟೆಫ್ಲಾನ್ ಟೇಪ್! ನಲ್ಲಿ ರಿಪೇರಿಯ ಬುದ್ಧಿ. ಈ ಯೂನಿಯನ್‌ಗಳಲ್ಲಿ ಸೋರಿಕೆ ತಡೆಯುವುದು ಲೋಹದ ಮೇಲೆ ಲೋಹ ಕೂತ ಜಾಗ ಅಥವಾ ಓ-ರಿಂಗ್. ಸ್ಕ್ರೂ ಥ್ರೆಡ್‌ಗಳಿಗೆ ಅಲ್ಲಿ ಆ ಕೆಲಸವೇ ಇಲ್ಲ. ಟೇಪ್ ತೆಗೆದು, ವಾಲ್ವ್ ತೊಳೆದು, ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಜಾರುವ ಹಾಗೆ ಕೂರಿಸಿದೆ. ಸ್ಟೀರಿಂಗ್ ಹಗುರಾಯಿತು. ನೀವು ಪಂಪ್ ಪೂರ್ತಿ ಬಿಚ್ಚಿದ್ದರೆ ಆ ವಾಲ್ವ್ ಹಿಂದುಮುಂದಾಗಿ ಕೂತಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ.

ಪಂಪ್ ತಿರುಗಿಸುವ ಬೆಲ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10–12 ಮಿಲಿಮೀಟರ್ ತಗ್ಗಬೇಕು. ಪೂರ್ತಿ ತಿರುಗಿಸಿದಾಗ ಕೀಚ್ ಅಂದರೆ ಅದು ಬೆಲ್ಟ್ ಜಾರುವ ಸದ್ದು.

ಯಾವ ಆಯಿಲ್ ಹಾಕಿದಿರಿ ಅಂತ ನೀವು ಬರೆದಿಲ್ಲ. ಆ ಕಾಲದ ಎಷ್ಟೋ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ಲೇ, ಅಂದರೆ ಎಟಿಎಫ್ಫೇ, ಸ್ಟೀರಿಂಗಿಗೂ. ನಿಮ್ಮ ಕಾರಿನ ಮ್ಯಾನುಯಲ್ ಏನು ಹೇಳುತ್ತದೋ ಅದನ್ನೇ ಹಾಕಿ. ಅಪ್ಪಿತಪ್ಪಿ ಬ್ರೇಕ್ ಆಯಿಲ್ ಬಿದ್ದಿದ್ದರೆ ಮಾತ್ರ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಈ ರಬ್ಬರ್ ಸೀಲ್‌ಗಳು ಅದಕ್ಕೆ ತಡೆಯುವುದಿಲ್ಲ, ಉಬ್ಬಿ ಹಾಳಾಗುತ್ತವೆ. ಪೂರ್ತಿ ಖಾಲಿ ಮಾಡಿ ತೊಳೆಯಬೇಕು.

ಹೇಗೂ ಚಕ್ರ ಎತ್ತಿರುತ್ತೀರಿ, ಇನ್ನೆರಡು ನೋಡಿಬಿಡಿ. ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗ್ ಒಂದು ಕಡೆ ಸಿಕ್ಕಿಕೊಂಡ ಹಾಗೆ ಆದರೆ ಅದು ಆಯಿಲಿನ ತೊಂದರೆಯೇ ಅಲ್ಲ. ಚಕ್ರದ ಹತ್ತಿರದ ಕೀಲು, ಅಂದರೆ ಬಾಲ್ ಜಾಯಿಂಟ್, ಒಣಗಿರಬಹುದು. ಇಲ್ಲವೇ ಪ್ಲೇ (ಸ್ಟೀರಿಂಗಿನ ಸಡಿಲ) ಕಮ್ಮಿ ಮಾಡಲು ಯಾರೋ ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಅತಿಯಾಗಿ ಬಿಗಿ ಮಾಡಿರಬಹುದು. ಹಾಗೆ ಮಾಡಿದ ಕಾರಿನಲ್ಲಿ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಎರಡನೆಯದು, ಸ್ಟೀರಿಂಗ್ ಒಳಗೆ ಕೈ ತೂರಿಸದೆ ಎಂಜಿನ್ ಸ್ಟಾರ್ಟ್ ಮಾಡಿ. ಅದು ತಾನೇ ಒಂದು ಕಡೆಗೆ ತಿರುಗಿದರೆ ತಕ್ಷಣ ಆಫ್ ಮಾಡಿ. ಸ್ಟೀರಿಂಗ್ ಬಾಕ್ಸಿನೊಳಗಿನ ವಾಲ್ವ್ ನಡುವಿನಿಂದ ಸರಿದಿದೆ. ಅದು ಸರಿಯಾಗುವ ತನಕ ಆ ಕಾರನ್ನು ರಸ್ತೆಗೆ ತರಬೇಡಿ.

ಇಷ್ಟೆಲ್ಲ ಆದ ಮೇಲೂ ಭಾರ ಇದ್ದರೆ ಪಂಪಿಗೂ ಬಾಕ್ಸಿಗೂ ನಡುವೆ ಪ್ರೆಶರ್ ಗೇಜ್ ಹಾಕಿಸಿ. ಅದರ ಜೊತೆ ಬರುವ ವಾಲ್ವನ್ನು ಎಂಜಿನ್ ಓಡುವಾಗ ಮುಚ್ಚಿ ಮುಳ್ಳು ನೋಡಬೇಕು, 5 ಸೆಕೆಂಡಿಗಿಂತ ಜಾಸ್ತಿ ಮುಚ್ಚಬಾರದು. ಮ್ಯಾನುಯಲ್ ಹೇಳಿದಷ್ಟು ಒತ್ತಡ ಬಂದರೆ ನಿಮ್ಮ ಪಂಪ್ ಚೆನ್ನಾಗಿದೆ, ಬಾಕ್ಸಿನೊಳಗೆ ಸೋರುತ್ತಿದೆ. ಬರಲೇ ಇಲ್ಲ, ಪುಟ್ಟ ವಾಲ್ವೂ ಸಲೀಸಾಗಿ ಜಾರುತ್ತಿದೆ, ಬೆಲ್ಟೂ ಬಿಗಿಯಾಗಿದೆ ಅಂತಾದರೆ ಆಗ ಪಂಪ್ ತರಿಸಿ.