ಓದುಗರ ಪ್ರಶ್ನೆ, ನಮ್ಮ ಉತ್ತರ: ಅನ್ಯಲೋಕದವರ ನೌಕೆ ಹೇಗಿರಬೇಕು?

ಪ್ರಶ್ನೆ: ನಾನು ಪ್ಲಸ್ ಟು ವಿದ್ಯಾರ್ಥಿನಿ. ಶಾಲಾ ಸಂಚಿಕೆಗೆಂದು ಒಂದು ವೈಜ್ಞಾನಿಕ ಕಥೆ ಬರೆಯುತ್ತಿದ್ದೇನೆ. ಕಡಲಿನಾಳದಲ್ಲಿ ಬದುಕುವ ಅನ್ಯಗ್ರಹದ ಜನಾಂಗವೊಂದು ತಟ್ಟೆಯಾಕಾರದ ನೌಕೆಯಲ್ಲಿ ಚಂದ್ರಗಿರಿ ಹೊಳೆಗೆ ಬಂದಿಳಿಯುತ್ತದೆ. ಕನ್ನಡ ಟೀಚರ್ ಓದಿ, “ತಟ್ಟೆಯೇ ಏಕೆ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನೌಕೆಯ ಆಕಾರವನ್ನು ಹೇಗೆ ನಿರ್ಧರಿಸಬೇಕು?
— ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನಿಮ್ಮ ಟೀಚರ್ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾರೆ. ತಟ್ಟೆಯ ಕಲ್ಪನೆ ಜನಪ್ರಿಯವಾದುದಕ್ಕೆ ಒಂದು ಹಿನ್ನೆಲೆಯಿದೆ. 1947ರ ಜೂನ್ 24ರಂದು ಅಮೆರಿಕದ ಮೌಂಟ್ ರೇನಿಯರ್ ಪರ್ವತದ ಬಳಿ ತಮ್ಮ ವಿಮಾನವನ್ನು ಹಾರಿಸುತ್ತಿದ್ದ ಕೆನೆತ್ ಆರ್ನಾಲ್ಡ್ ಎಂಬವರು ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆನೆಂದೂ, ಅವು ನೀರಿನ ಮೇಲೆ ಎಸೆದ ತಟ್ಟೆ ಕುಪ್ಪಳಿಸುವ ಹಾಗೆ ಸಾಗಿದವೆಂದೂ ಹೇಳಿದರು. ಚಲನೆಗೆ ಕೊಟ್ಟ ಆ ಹೋಲಿಕೆಯನ್ನು ಪತ್ರಿಕೆಗಳು ಆಕಾರಕ್ಕೆ ಹಚ್ಚಿ ‘ಹಾರುವ ತಟ್ಟೆ’ ಎಂದು ಕರೆದವು. ಅಂದಿನಿಂದ ಎಷ್ಟೋ ಕಥೆಗಾರರು ಹಿಂದುಮುಂದು ನೋಡದೆ ಅದೇ ತಟ್ಟೆಯನ್ನು ಎರವಲು ಪಡೆಯುತ್ತ ಬಂದಿದ್ದಾರೆ.

ನಿಮ್ಮ ಊರಿನ ಸುತ್ತಮುತ್ತ ಮುರಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗಗಳನ್ನು ನೀವು ನೋಡಿಯೇ ಇರುತ್ತೀರಿ. ಮನುಷ್ಯರನ್ನು ಎಂದೂ ಕಾಣದ ಜೀವಿಯೊಂದು ಅಂತಹ ಸುರಂಗದ ಬಾಯಲ್ಲಿ ನಿಂತಿತೆನ್ನಿ. ಆಳೆತ್ತರದ ಆ ಕಿರಿದಾದ ದಾರಿಯಿಂದ ಕೊರೆದವರ ಮೈಯಳತೆಯನ್ನೂ, ಗೋಡೆಯ ಮೇಲಿನ ಪಿಕ್ಕಾಸಿನ ಗೆರೆಗಳಿಂದ ಅವರ ಕೈಯ ಬೀಸನ್ನೂ, ನೀರು ತಾನಾಗಿ ಹೊರಗೆ ಹರಿದು ಬರುವಂತೆ ಇಳಿಜಾರಾಗಿಸಿದ ನೆಲದಿಂದ ಅವರ ಬುದ್ಧಿಯನ್ನೂ ಅದು ಊಹಿಸಬಲ್ಲದು. ಕಥೆಯ ನೌಕೆಯೂ ಹೀಗೆಯೇ ಅದನ್ನು ಕಟ್ಟಿದವರ ಗುರುತನ್ನು ಹೊತ್ತಿರಬೇಕು. ಆದ್ದರಿಂದ ಮೊದಲು ಜೀವಿಯನ್ನು ಕಲ್ಪಿಸಿಕೊಳ್ಳಿ, ನೌಕೆಯನ್ನು ಆ ಬಳಿಕ ಕಟ್ಟಿ.

ನಿಮ್ಮ ಜನಾಂಗ ನೀರಿನಲ್ಲಿ ಉಸಿರಾಡುವುದಾದರೆ ನೌಕೆಯ ಒಳಗೂ ನೀರೇ ತುಂಬಿರಬೇಕಾಗುತ್ತದೆ. 20 ಮೀಟರ್ ವ್ಯಾಸದ ಒಂದು ಗೋಳದಲ್ಲಿ ಸುಮಾರು 4,200 ಟನ್ ನೀರು ಹಿಡಿಯುತ್ತದೆ. ಇದು ನಮ್ಮ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ತೂಕದ ಸುಮಾರು ಹತ್ತು ಪಟ್ಟು. ಇಷ್ಟು ಭಾರವನ್ನು ತಮ್ಮ ಗ್ರಹದಿಂದ ಮೇಲಕ್ಕೆತ್ತುವುದಕ್ಕಿಂತ, ಬಾಹ್ಯಾಕಾಶದಲ್ಲಿ ಸಿಗುವ ಧೂಮಕೇತುವಿನ ಮಂಜುಗಡ್ಡೆಯನ್ನು ಕರಗಿಸಿಕೊಳ್ಳುವುದು ಅವರಿಗೆ ಸುಲಭವಾದೀತು. ಅದೇ ನೀರು ವಿಕಿರಣವನ್ನು ತಡೆಯುವ ಗೋಡೆಯೂ ಆಗುತ್ತದೆ. ನಿರ್ವಾತದಲ್ಲಿ ಗಾಳಿಯ ತಡೆ ಇಲ್ಲದಿರುವುದರಿಂದ ಮೂತಿ ಚೂಪಾಗಿರಬೇಕಾದ ಅಗತ್ಯವಿಲ್ಲ, ಆದರೆ ಒಳಗಿನ ಒತ್ತಡ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿಗೆ ಮೂಲೆಗಳಿಲ್ಲದಿರುವುದು ಇದೇ ಕಾರಣಕ್ಕೆ. ಈ ಲೆಕ್ಕದಲ್ಲಿ ನಿಮ್ಮ ಜನಾಂಗಕ್ಕೆ ಒಪ್ಪುವುದು ಗೋಳ. ಕತ್ತಲ ಕಡಲಿನಲ್ಲಿ ಸದ್ದಿನಿಂದಲೇ ದಾರಿ ಕಾಣುವವರಾದರೆ ಅವರಿಗೆ ಕಿಟಕಿಯೂ ದೀಪವೂ ಬೇಕಾಗಲಾರವು. ಸದ್ದು ನಿರ್ವಾತದಲ್ಲಿ ಸಾಗದು ಎಂಬುದನ್ನು ಮೊದಲ ಬಾರಿಗೆ ಅರಿತ ಅವರ ಪೂರ್ವಿಕರಿಗೆ ಆಕಾಶವೇ ಮೂಕವಾದಂತೆ ತೋರಿರಬೇಕು. ಇನ್ನೊಂದು ಪ್ರಶ್ನೆಯನ್ನು ನೀವೇ ಬಿಡಿಸಬೇಕು: ನೀರಿನಲ್ಲಿ ಬೆಂಕಿ ಉರಿಯದು, ಬೆಂಕಿಯಿಲ್ಲದೆ ಅವರು ಲೋಹವನ್ನು ಕರಗಿಸಿದ್ದು ಹೇಗೆ? ಕಡಲಾಳದ ಬಿಸಿನೀರಿನ ಬುಗ್ಗೆಗಳಿಂದಲೋ, ಚಿಪ್ಪು ಹವಳಗಳಂತೆ ನೌಕೆಯನ್ನು ಬೆಳೆಸಿಯೋ? ಇದರ ಉತ್ತರ ಸಿಕ್ಕಿದರೆ ಅರ್ಧ ಕಥೆ ಸಿಕ್ಕಿದಂತೆ.

ಪ್ರಶ್ನೆ: ಕಥೆಗಳಲ್ಲಿ ಅನ್ಯಲೋಕದವರು ಒಂದೇ ರಾತ್ರಿಯಲ್ಲಿ ನಕ್ಷತ್ರಗಳನ್ನು ದಾಟಿ ಬರುತ್ತಾರೆ. ನಿಜವಾಗಿ ಎಷ್ಟು ಕಾಲ ಬೇಕು?
— ನಿವೃತ್ತ ಅಧ್ಯಾಪಕರು, ಮಂಜೇಶ್ವರ

ಉತ್ತರ: ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. 1977ರಲ್ಲಿ ಹೊರಟ ಅಮೆರಿಕದ ಬಾಹ್ಯಾಕಾಶ ನೌಕೆ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅಷ್ಟು ದೂರವನ್ನು ಆ ವೇಗದಲ್ಲಿ ಕ್ರಮಿಸಲು ಸುಮಾರು 75,000 ವರ್ಷಗಳು ಬೇಕು. ದೂರವನ್ನು ಮಂತ್ರದಂತೆ ಮಾಯಮಾಡುವ ಯಂತ್ರವೊಂದನ್ನು ಕಥೆಗಾರರು ತಂದಿಟ್ಟಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಆ ದೂರವೇ ಕಥೆಗೆ ಸಿಗುವ ದೊಡ್ಡ ಸಂಪತ್ತು. ದಾರಿಯಲ್ಲೇ ಹುಟ್ಟಿ ದಾರಿಯಲ್ಲೇ ತೀರಿಕೊಳ್ಳುವ ತಲೆಮಾರುಗಳಿಗೆ ಬಿಟ್ಟುಬಂದ ಲೋಕವೂ ಸೇರಬೇಕಾದ ಲೋಕವೂ ಕೇವಲ ಕೇಳಿದ ಕಥೆಗಳಾಗಿರುತ್ತವೆ.

ಆರ್ಥರ್ ಸಿ. ಕ್ಲಾರ್ಕ್ 1973ರಲ್ಲಿ ಪ್ರಕಟಿಸಿದ ‘ರೆಂಡೆವೂ ವಿತ್ ರಾಮ’ ಕಾದಂಬರಿಯ ನೌಕೆ ಈ ದೂರಕ್ಕೆ ತಕ್ಕಂತೆ ರೂಪುಗೊಂಡಿದೆ. ಗ್ರೀಕ್ ಮತ್ತು ರೋಮನ್ ಪುರಾಣಗಳ ಹೆಸರುಗಳು ಮುಗಿದುಹೋದುದರಿಂದ ಖಗೋಳಜ್ಞರು ಅದಕ್ಕೆ ನಮ್ಮ ರಾಮನ ಹೆಸರಿಟ್ಟರೆಂದು ಕಥೆ ಹೇಳುತ್ತದೆ. ಉರುಳೆಯಾಕಾರದ ಆ ನೌಕೆಯ ಉದ್ದ 50 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ದಾರಿಯಷ್ಟು. ಅಗಲ 20 ಕಿಲೋಮೀಟರ್. ಅದು ನಾಲ್ಕು ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನೇ ತಿರುಗುತ್ತದೆ. ಅಕ್ಷದಿಂದ 8 ಕಿಲೋಮೀಟರ್ ದೂರದಲ್ಲಿರುವ ಒಳಮೈಯ ಮೇಲೆ ನಿಂತವರಿಗೆ, ಈ ತಿರುಗುವಿಕೆಯಿಂದಲೇ, ಭೂಮಿಯ ಗುರುತ್ವದ ಅರ್ಧಕ್ಕಿಂತ ತುಸು ಹೆಚ್ಚು ತೂಕ ಸಿಗುತ್ತದೆಂದು ಕಾಗದ ಪೆನ್ನು ಹಿಡಿದು ನೀವೇ ಲೆಕ್ಕ ಹಾಕಿ ನೋಡಬಹುದು. ಅದನ್ನು ಕಟ್ಟಿದವರು ಕಾದಂಬರಿಯಲ್ಲಿ ಒಮ್ಮೆಯೂ ಎದುರಾಗುವುದಿಲ್ಲ. ಆದರೂ ಎಲ್ಲವನ್ನೂ ಮೂರು ಮೂರಾಗಿ ಮಾಡುವ ಅವರ ಕ್ರಮ ಓದುಗರಿಗೆ ಚೆನ್ನಾಗಿ ಪರಿಚಯವಾಗಿಬಿಡುತ್ತದೆ.

ಪ್ರಶ್ನೆ: ‘ಔಮುವಾಮುವಾ’ ನಿಜವಾಗಿಯೂ ಅನ್ಯಲೋಕದ ನೌಕೆಯೇ?
— ಓದುಗರು, ಉಪ್ಪಳ

ಉತ್ತರ: 2017ರ ಅಕ್ಟೋಬರ್ 19ರಂದು ಹವಾಯಿಯ ದೂರದರ್ಶಕದಿಂದ ಪತ್ತೆಯಾದ ಅದು, ನಮ್ಮ ಸೌರವ್ಯೂಹದ ಹೊರಗಿನಿಂದ ಬಂದದ್ದೆಂದು ಗುರುತಿಸಲಾದ ಮೊದಲ ವಸ್ತು. ಖಗೋಳಜ್ಞ ಆವಿ ಲೋಬ್ ಅದು ಕೃತಕವಾಗಿರಬಹುದೆಂದು ವಾದಿಸಿದ್ದಾರೆ; ಬಹುಪಾಲು ವಿಜ್ಞಾನಿಗಳು ಅದನ್ನು ನೈಸರ್ಗಿಕವೆಂದೇ ಭಾವಿಸುತ್ತಾರೆ. ರೇಡಿಯೊ ದೂರದರ್ಶಕಗಳಿಂದ ಆಲಿಸಿದಾಗಲೂ ಯಾವ ಸಂಕೇತವೂ ಕೇಳಿಬರಲಿಲ್ಲ.

ಪ್ರಶ್ನೆ: ಅನ್ಯಲೋಕದ ನೌಕೆಯಲ್ಲಿ ಸಿಕ್ಕಿದ ಬರಹವನ್ನು ಕಥಾನಾಯಕ ಕೂಡಲೇ ಓದಿಬಿಡುವುದನ್ನು ಒಪ್ಪಬಹುದೇ?
— ಓದುಗರು, ಕುಂಬಳೆ

ಉತ್ತರ: ನಾನು ಒಪ್ಪಲಾರೆ. ಮನುಷ್ಯರೇ ಕೊರೆದ ಸಿಂಧೂ ಮುದ್ರೆಗಳ ಬರಹವನ್ನು ಎಲ್ಲರೂ ಒಪ್ಪುವಂತೆ ಓದಲು ನಮ್ಮಿಂದ ಇನ್ನೂ ಆಗಿಲ್ಲ. ಈ ಕಷ್ಟವನ್ನು ಅರಿತೇ ವಾಯೇಜರ್ ನೌಕೆಗಳ ಚಿನ್ನದ ಲೇಪದ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ, ಅದನ್ನು ನುಡಿಸುವ ಬಗೆಯನ್ನು ಚಿತ್ರಗಳಲ್ಲಿಯೂ, ಸೂರ್ಯನ ನೆಲೆಯನ್ನು ತಾಳ ತಪ್ಪದೆ ಮಿಡಿಯುವ ನಕ್ಷತ್ರಗಳಾದ 14 ಪಲ್ಸಾರ್‌ಗಳ ನಕ್ಷೆಯಲ್ಲಿಯೂ, ಕಾಲದ ಅಳತೆಯನ್ನು ಹೈಡ್ರೋಜನ್ ಪರಮಾಣುವಿನ ಮೂಲಕವೂ ತೋರಿಸಲಾಗಿದೆ. ಎಲ್ಲ ಲೋಕಗಳಿಗೂ ಸಮಾನವಾದವು ಸಂಖ್ಯೆ ಮತ್ತು ಪರಮಾಣುಗಳೇ ಆದುದರಿಂದ ನಿಮ್ಮ ಕಥಾನಾಯಕನೂ ಅಲ್ಲಿಂದಲೇ ತೊಡಗಲಿ. ಆ ಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅದನ್ನು ಎಂದಾದರೂ ಯಾರಾದರೂ ಎತ್ತಿಕೊಂಡರೆ, ಅವರ ಪಾಲಿಗೆ ಅನ್ಯಲೋಕದವರಾದ ನಮ್ಮಿಂದ ಅವರು ಕೇಳುವ ಮಾತುಗಳಲ್ಲಿ ಇದೂ ಒಂದು: “ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.”